ಬಾಗಿದ ಪಿನ್ನಿಗೆ ಖಾನಾಪುರದ ಕಾಂತಕ್ಕ

ಖಾನಾಪುರದ ಈ ಮನೆಯ ಹೊಸ್ತಿಲಿಗೆ ಬಿಸಿಲು ಇನ್ನೂ ಬಂದಿಲ್ಲ. ಕಾಂತಕ್ಕ ಆಗಲೇ ಬಂದು ಕೂತಿದ್ದಾರೆ. ಬಲಗಣ್ಣಿಗೆ ಗಡಿಯಾರ ರಿಪೇರಿಯವರು ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿ. ಕೈಯಲ್ಲಿ ಕಡ್ಡಿ ತೆಗೆದ ಕ್ಲಿಕ್ ಪೆನ್ಸಿಲ್. ತೊಡೆಯ ಮೇಲಿನ ಹಲಗೆಯಲ್ಲಿ ಬಿಸ್ಕೀಟಿನಷ್ಟಗಲದ ಒಂದು ಚೌಕ. ಅದು ಪ್ರೊಸೆಸರ್, ಗೇಮಿಂಗ್ ಕಂಪ್ಯೂಟರಿನ ಮಿದುಳು ಅಂತಾರಲ್ಲ, ಅದೇ. ಅದರ ಹೊಟ್ಟೆಯ ತುಂಬ ಸೂಜಿಗಿಂತ ಸಣ್ಣ ಬಂಗಾರದ ಬಣ್ಣದ ಪಿನ್ನುಗಳು ಸಾಲಾಗಿ ನಿಂತಿವೆ. ಒಂದು ಮೂಲೆಯಲ್ಲಿ ಮಾತ್ರ ಕೆಲವು ಅಡ್ಡಡ್ಡ ಮಲಗಿಬಿಟ್ಟಿವೆ.

ಒಳ್ಳೆಯ ಲೈಟ್ ಹಾಕಿಕೊಂಡು ಒಳಗೇ ಕೂರಬಾರದೇ ಎಂದು, ಪೇಪರಿಗೆ ಬರೆಯಲು ಬಂದ ನಾನು ಪಟ್ಟಣದವನ ಬುದ್ಧಿ ತೋರಿಸುತ್ತೇನೆ. ಕಾಂತಕ್ಕ ತಲೆ ಎತ್ತುವುದಿಲ್ಲ. “ಲೈಟ್ ಮ್ಯಾಲಿಂದ ಬೀಳತೈತ್ರಿ. ಮುಂಜಾನಿ ಬಿಸಿಲು ಅಡ್ಡ ಬರತೈತಿ. ಯಾವ ಪಿನ್ ಎಷ್ಟು ಬಾಗೇತಿ ಅನ್ನೂದು ಅದರ ನೆರಳಿನ್ಯಾಗ ಕಾಣತೈತಿ.”

ಬಿಸಿಲು ಬರುತ್ತದೆ. ಪೆನ್ಸಿಲ್ಲಿನ ತೂತು ಮಲಗಿದ ಪಿನ್ನಿನ ತಲೆಯನ್ನು ಹಿಡಿಯುತ್ತದೆ. ಒಂದಿಷ್ಟು ಎತ್ತಬೇಕು, ನಿಲ್ಲಬೇಕು, ಮತ್ತೆ ಒಂದಿಷ್ಟು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಪಿನ್ ಮುರಿದರೆ ಪ್ರೊಸೆಸರ್ ಕಸದ ಬುಟ್ಟಿಗೆ. ಪಿನ್ ಬಾಗಿದ್ದಕ್ಕೆ ವಾರಂಟಿ ಸಿಗುವುದಿಲ್ಲ ಎಂದು ಮಾರಿದವರು ಆಗಲೇ ಕೈ ತೊಳೆದುಕೊಂಡಿದ್ದಾರೆ. ನೋಡುತ್ತ ಕೂತ ನನ್ನ ಕೈಯಲ್ಲಿ ಚಹಾ ತಣ್ಣಗಾಗಿದೆ.

ಭೂತಗನ್ನಡಿ ಕಾಂತಕ್ಕನ ಅಪ್ಪ ಕರೆಪ್ಪನವರದು. ಅವರು ಖಾನಾಪುರ ಬಜಾರದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮಗಳು ಸಾಲಿ ಬಿಟ್ಟ ಮೇಲೆ ಅಪ್ಪನ ಬಾಜು ಕೂತು ಚಿಮಟ ಹಿಡಿಯುವುದನ್ನು ಕಲಿತರು. ಎಲ್ಲರ ಕಿಸೆಗೂ ಮೊಬೈಲ್ ಬಂತು, ಗಡಿಯಾರ ಕೇಳುವವರಿಲ್ಲವಾಯಿತು. ಕಾಂತಕ್ಕ ಬೆಳಗಾವಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಅಲ್ಲಿ ಮೂಲೆಗೆ ಎಸೆದ ಕಂಪ್ಯೂಟರುಗಳನ್ನು ಊಟದ ಬಿಡುವಿನಲ್ಲಿ ಬಿಚ್ಚಿ, ಒಂದರ ಕೈ ಇನ್ನೊಂದಕ್ಕೆ ಜೋಡಿಸಿ, ಒಂದು ದಿನ ಒಂದನ್ನು ಚಾಲೂ ಮಾಡಿಯೇಬಿಟ್ಟರು. ಹೊಗಳುವುದಿರಲಿ, ಯಾರನ್ನು ಕೇಳಿ ಮುಟ್ಟಿದಿ ಎಂದು ಬೈಸಿಕೊಂಡರಂತೆ. ಈಗ ಮನೆಮನೆಗೆ ಹೋಗಿ ಕಂಪ್ಯೂಟರ್ ಜೋಡಿಸಿಕೊಡುವುದೇ ಅವರ ಕೆಲಸ, ಬೈದವರೇ ಫೋನ್ ಮಾಡುತ್ತಾರೆ. ಆದರೂ ಹೊಸ ಮನೆಯ ಬಾಗಿಲಲ್ಲಿ ನಿಂತಾಗ, ಜೋಡಿಸೋ ಮನುಷ್ಯ ಹಿಂದೆ ಬರ್ತಾನೇನು ಎಂದು ಇವರನ್ನೇ ಕೇಳುವವರು ಇದ್ದಾರೆ. ಕೆಲಸ ಕೆಲವು ವಾರ ಉಸಿರಾಡಲು ಬಿಡುವುದಿಲ್ಲ, ಕೆಲವು ವಾರ ಏನೂ ಇಲ್ಲ. ಕೂತು ಕೂತು ಕುತ್ತಿಗೆ ನೋವು ಮಾತ್ರ ಪ್ರತಿ ವಾರ ಹಾಜರಿ.

ಗೇಮಿಂಗ್ ಕಂಪ್ಯೂಟರ್ ಬೇಕೆಂದು ಬರುವವರು ಮೊದಲು ಕೇಳುವುದು, ಹೆಸರಿನಲ್ಲಿ ಏಳು ನಂಬರಿರುವ ಪ್ರೊಸೆಸರ್ ಹಾಕಿಸಲೋ ಒಂಬತ್ತರದ್ದೋ ಎಂದು. ಒಂಬತ್ತು ದೊಡ್ಡದಲ್ಲವೇ, ಹಾಗಾದರೆ ಅದೇ ಇರಲಿ. ಕಾಂತಕ್ಕ ನಂಬರಿಗೆ ಕಿವಿಗೊಡುವುದಿಲ್ಲ. ಯಾವ ಆಟ ಆಡುತ್ತೀ ಎನ್ನುತ್ತಾರೆ, ಎದುರಿಗೇ ಕೂರಿಸಿ ಆಡಿಸಿ ನೋಡುತ್ತಾರೆ. ಪ್ರೊಸೆಸರಿನೊಳಗಿನ ಕೋರುಗಳೆಂದರೆ ದುಡಿಯುವ ಆಳುಗಳು; ಆಟಕ್ಕೆ ಬಹಳ ಮಂದಿ ಆಳು ಬೇಡ, ಚುರುಕಾದ ನಾಲ್ಕಾರು ಮಂದಿ ಸಾಕು ಎನ್ನುವುದು ಅವರ ಲೆಕ್ಕ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರಿಗೂ ಜೋಡಿ ಕೂಡಬೇಕು. “ಇಲ್ಲಂದ್ರ ಎತ್ತು ಏರಿಗೆ ಎಳದ್ರ ಕ್ವಾಣ ನೀರಿಗೆ ಎಳೀತಂತ, ಹಂಗಾಗತೈತ್ರಿ.”

ಇನ್ನೊಂದು ವಿಷಯವನ್ನೂ ಅವರು ನೋಡುತ್ತಾರೆ, ಅದನ್ನು ಯಾವ ವಿಡಿಯೋದವರೂ ಹೇಳುವುದಿಲ್ಲ. ಕೆಟ್ಟರೆ ಬೆಳಗಾವಿಯಲ್ಲೇ ರಿಪೇರಿ ಮಾಡಲು ಬರಬೇಕು. ಹೊಸ ನಮೂನೆಯಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲಿಲ್ಲ, ಬೋರ್ಡಿನ ಕುಳಿಯೊಳಗಿವೆ, ಕೂದಲಿನಷ್ಟು ಸಣ್ಣ. ಅವು ಬಾಗಿದರೆ ತಮ್ಮ ಕೈಯಲ್ಲಿ ಆಗುವುದಿಲ್ಲ ಎಂದು ಕಾಂತಕ್ಕ ನೇರವಾಗಿ ಒಪ್ಪುತ್ತಾರೆ. ಅದಕ್ಕೇ, ಆಟ ಚೆನ್ನಾಗಿ ನಡೆಯುವುದಾದರೆ, ಹೊಟ್ಟೆಯಡಿ ಪಿನ್ನಿರುವ ಹಳೆಯ ನಮೂನೆಯನ್ನೇ ಆರಿಸುತ್ತಾರೆ. ಹುಡುಗರು ಮುಸಿಮುಸಿ ನಗುತ್ತಾರೆ. ನಗಲಿ ಬಿಡಿ.

ಇವತ್ತಿನ ಪ್ರೊಸೆಸರ್ ಯಾರದೋ ಆ ಬೆಳಗಾವಿ ಸದಾಶಿವನಗರದ ಸೃಷ್ಟಿಯೂ ಮೊದಲು ಮುಖ ಊದಿಸಿಕೊಂಡವಳೇ. ಪಿಯುಸಿ ಮುಗಿಸಿದ ಹುಡುಗಿ, ಹೊಸ ನಮೂನೆಯದೇ ಬೇಕೆಂದು ಹಟ. ಕಾಂತಕ್ಕ ಅವಳನ್ನು ಪೀರನವಾಡಿಯ ಒಬ್ಬ ಗಿರಾಕಿಯ ಮನೆಗೆ ಕರೆದೊಯ್ದು, ಹಳೆಯ ನಮೂನೆಯಲ್ಲಿ ಅವಳ ಆಟವನ್ನೇ ಆಡಿಸಿದರು. ಎಲ್ಲಿಯೂ ತಡವರಿಸಲಿಲ್ಲ. ಹುಡುಗಿ ಒಪ್ಪಿದಳು. ಸಾಮಾನು ಶನಿವಾರ ಮನೆಗೆ ಬಂತು. ಆದರೆ ಅವಳ ಆಯಿ, ಅಂದರೆ ಅಜ್ಜಿ ಸಂಗವ್ವ, ಸೋಮವಾರ ಜೋಡಿಸೋಣ, ಒಳ್ಳೇ ವಾರ ಎಂದರು. ಹೊಸದು ಏನೇ ಬರಲಿ, ಮಿಕ್ಸರಾಗಲಿ ಸ್ಕೂಟರಾಗಲಿ, ಆ ಮನೆಯಲ್ಲಿ ಆಯಿಯ ವಿಭೂತಿ ಬೀಳದೆ ಚಾಲೂ ಆಗುವುದಿಲ್ಲ.

ಸೋಮವಾರ ಬೆಳಿಗ್ಗೆ ಸೃಷ್ಟಿ ಸ್ನಾನಕ್ಕೆ ಹೋದಾಗ ಸಂಗವ್ವ ಪೆಟ್ಟಿಗೆ ಬಿಚ್ಚಿದರು. ಬಂಗಾರದಂತೆ ಹೊಳೆಯುವುದೇ ಅದರ ಮುಖ ಎಂದುಕೊಂಡು, ಪಿನ್ನಿನ ಕಡೆಯನ್ನೇ ಮೇಲೆ ಮಾಡಿ, ಮೂರು ಬೆರಳಲ್ಲಿ ವಿಭೂತಿ ಎಳೆದು ಕೈಮುಗಿದರು. ಆಮೇಲೆ ಕಾಂತಕ್ಕ ಬಂದು ನೋಡಿದರೆ ಪಿನ್ನು ಬಾಗಿವೆ. ಮನೆಯವರೆಲ್ಲ ಆಯಿಯ ಕಡೆ ತಿರುಗಿದರು. ಅಂದಿನಿಂದ ಸೃಷ್ಟಿ ಆಯಿಯ ಜೊತೆ ಮಾತು ಬಿಟ್ಟಿದ್ದಾಳೆ. ಸಂಗವ್ವ ತಟ್ಟೆಯ ಮುಂದೆ ಕೂತು ಉಣ್ಣದೆ ಎದ್ದು ಹೋಗುತ್ತಿದ್ದಾರೆ. ಈ ಹೊಸ್ತಿಲಲ್ಲಿ ನೆಟ್ಟಗಾಗಬೇಕಿರುವುದು ಅದೂ ಹೌದು.

ಕೊನೆಯ ಪಿನ್ ಎದ್ದು ನಿಲ್ಲುತ್ತದೆ. ಕಾಂತಕ್ಕ ಭೂತಗನ್ನಡಿ ನನ್ನ ಕೈಗೆ ಕೊಟ್ಟು ನೋಡಲು ಹೇಳುತ್ತಾರೆ. ವಿಭೂತಿಯ ಗೆರೆ ಇದ್ದದ್ದು ನಡುವೆ; ಅಲ್ಲಿನ ಪಿನ್ನುಗಳು ಮೊದಲಿಂದಲೂ ನೆಟ್ಟಗಿದ್ದವು. ಬಾಗಿದ್ದವು ಮೂಲೆಯವು ಮಾತ್ರ, ಎಲ್ಲ ಒಂದೇ ಕಡೆಗೆ. “ಇದು ಕೈಬಟ್ಟು ಆಡಿಸಿದ್ದಲ್ರಿ. ತಿರುವಿ ಇಟ್ಟು ಮ್ಯಾಲಿಂದ ಒತ್ತಿದ್ದು.” ಅಂದರೆ ಯಾರೋ ಮೊದಲೇ ಬೋರ್ಡಿನಲ್ಲಿ ಕೂರಿಸಲು ನೋಡಿದ್ದಾರೆ. ಮನೆಯವರಿಗೆ ಹೇಳುತ್ತೀರಾ ಎಂದು ಕೇಳುತ್ತೇನೆ. ಪ್ರೊಸೆಸರನ್ನು ಡಬ್ಬಿಗೆ ಹಾಕಿ, ಸೆರಗು ಸರಿಮಾಡಿ, ಬೆಳಗಾವಿ ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ.

ಸದಾಶಿವನಗರದ ಮನೆಯಲ್ಲಿ ಸಂಗವ್ವ ಕೋಣೆಯ ಒಳಗೆ ಬರುವುದಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾರೆ. ತಮ್ಮ ನೆರಳು ಬಿದ್ದರೂ ಕೆಟ್ಟೀತು ಎಂಬ ಅಂಜಿಕೆ ಅವರಿಗೆ. ಪ್ರೊಸೆಸರನ್ನು ಗಿರಾಕಿಯ ಕೈಯಿಂದಲೇ ಕೂರಿಸುವುದು ಕಾಂತಕ್ಕನ ಪದ್ಧತಿ. ತಾವೇ ಕೂರಿಸಿದ್ದನ್ನು ಜನ ಜೋಪಾನ ಮಾಡುತ್ತಾರಂತೆ. ಇವತ್ತೂ ಹಾಗೆಯೇ ಸೃಷ್ಟಿಯನ್ನು ಕರೆಯುತ್ತಾರೆ. ಪ್ರೊಸೆಸರಿನ ಮೂಲೆಯಲ್ಲೊಂದು ಸಣ್ಣ ತ್ರಿಕೋನ, ಬೋರ್ಡಿನ ಮೇಲೂ ಅಂಥದ್ದೇ ಒಂದು. ಎರಡನ್ನೂ ಒಂದೇ ಕಡೆ ತರಲು ಹೇಳುತ್ತಾರೆ.

“ಬರೇ ಇಡವ್ವಾ. ತಾನ ಇಳೀತೈತಿ. ಒತ್ತೂ ಪಾಳಿ ಬಂತಂದ್ರ ನಾವ ತಪ್ಪು ಇಟ್ಟೀವಂತ ತಿಳಿ.”

ಸೃಷ್ಟಿ ತ್ರಿಕೋನಕ್ಕೆ ತ್ರಿಕೋನ ಹೊಂದಿಸುತ್ತಾಳೆ. ಇಡುತ್ತಾಳೆ. ಪ್ರೊಸೆಸರ್ ತಾನಾಗಿ, ಸದ್ದಿಲ್ಲದೆ ಕುಳಿಯೊಳಗೆ ಇಳಿದು ಕೂರುತ್ತದೆ. ಹುಡುಗಿ ಅದನ್ನೇ ನೋಡುತ್ತ ಅಳಲು ಶುರುಮಾಡುತ್ತಾಳೆ.

“ಆಯೀ, ನಿನ್ನ ಕೈಯಿಂದ ಏನೂ ಆಗಿಲ್ಲ. ಶನಿವಾರ ಸಂಜಿಮುಂದ ನಾನ ಕುಂದ್ರಸಾಕ ಹೋದೆ. ಕುಂದರಲಿಲ್ಲ, ಒತ್ತಿದೆ.”

ತಮ್ಮ ಮೇಲೆ ಹಾಕಿದ ಅಪವಾದಕ್ಕೆ ಸಂಗವ್ವ ಸಿಟ್ಟಾಗುತ್ತಾರೆ, ಆಗಲೂ ಬೇಕು ಎಂದು ನಾನು ಕಾಯುತ್ತೇನೆ. ಅವರು ಮೊಮ್ಮಗಳನ್ನಲ್ಲ, ಕಾಂತಕ್ಕನನ್ನು ನೋಡುತ್ತಾರೆ. “ಹಂಗಾರ ನನ್ನ ವಿಭೂತಿಂದ ಕೆಟ್ಟಿಲ್ಲ ಹೌದಲ್ಲೋ ಯವ್ವಾ?”

ಕೆಟ್ಟಿಲ್ಲವೆಂದು ಕಾಂತಕ್ಕ ತಲೆಯಾಡಿಸುತ್ತಾರೆ. ಆಗ ಸಂಗವ್ವ ಕೋಣೆಯ ಒಳಗೆ ಬಂದು, ಅಳುವ ಹುಡುಗಿಯ ಮೂಗನ್ನು ತಮ್ಮ ಸೆರಗಿನಿಂದ ಒರೆಸುತ್ತಾರೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡುವುದೇನಿದೆ. ಇಷ್ಟು ದಿನ ಆ ಮುದುಕಿ ನುಂಗಿಕೊಂಡದ್ದು ಕಂಪ್ಯೂಟರಿನ ಸಂಕಟವಲ್ಲ, ತನ್ನ ಪೂಜೆಯಿಂದಲೇ ಕೂಸಿಗೆ ಕೆಟ್ಟದ್ದಾಯಿತಲ್ಲ ಎಂಬುದು.

ಮಧ್ಯಾಹ್ನದ ಊಟಕ್ಕೆ ಮೊದಲು ಕಂಪ್ಯೂಟರ್ ಚಾಲೂ ಆಗುತ್ತದೆ. ಫ್ಯಾನು ತಿರುಗುತ್ತವೆ, ಪರದೆ ಬೆಳಗುತ್ತದೆ, ಆಟ ಓಡುತ್ತದೆ. ಸಂಗವ್ವ ಸಾವಕಾಶ ಎರಡು ರೊಟ್ಟಿ ಉಣ್ಣುತ್ತಾರೆ. ಹುಡುಗಿಯ ತಪ್ಪನ್ನು ಪೇಪರಿನಲ್ಲಿ ಹಾಕುವುದು ಬೇಡ ಎಂದು ಕಾಂತಕ್ಕ ನನ್ನ ಕಿವಿಯಲ್ಲಿ ಹೇಳುತ್ತಾರೆ. ಸೃಷ್ಟಿಗೆ ಕೇಳಿಸಿಬಿಡುತ್ತದೆ. ಅವಳು ಒಪ್ಪುವುದಿಲ್ಲ.

“ಹಾಕ್ರಿ ಸರ್. ತಾನ ಕೆಡಿಸಿದ್ದು ಅಂತ ಆಯಿ ಓಣಿ ತುಂಬ ಹೇಳಕೊಂಡು ಬಂದಾಳ. ಎಲ್ಲಾರಿಗೂ ಖರೇ ಗೊತ್ತಾಗಲಿ.”

ಹಾಗಾದರೆ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕಾಂತಕ್ಕನನ್ನು ಕೇಳುತ್ತೇನೆ. ಅವರು ಚಪ್ಪಲಿ ಮೆಟ್ಟುತ್ತ ನಗುತ್ತಾರೆ.

“ನಂದೇನ್ರಿ, ಇದ್ದರ ಇರಲಿ ಇಲ್ಲಂದ್ರ ಬಿಡ್ರಿ. ಆಯಿ ಹೆಸರು ದೊಡ್ಡ ಅಕ್ಷರದಾಗ ಹಾಕ್ರಿ, ಅವರಿಗೆ ಚಾಳೀಸ ಕನ್ನಡಕ ಇಲ್ದ ಓದಾಕ ಬರಬೇಕು.”