ಕಾಣದ ಸುಬೇದಾರರ ಗುಣಗಾನ

ನಾನು ಸೈನ್ಯವನ್ನು ನೋಡಿರುವುದು ಟೀವಿಯ ಗಣರಾಜ್ಯೋತ್ಸವದಲ್ಲಿ ಮಾತ್ರ. ಆದರೂ ಎಷ್ಟೋ ಸುಬೇದಾರರ ಶಿಸ್ತು, ಧೈರ್ಯಗಳನ್ನು ಅಳೆದು ಬರೆದವಳು, ಕತ್ರಿಗುಪ್ಪೆಯ ಅಡುಗೆಮನೆಯಲ್ಲಿ ಹುಳಿ ಕುದಿಸುತ್ತಾ ನಿಂತ ನಾನೇ.

ನನ್ನ ತಮ್ಮ ಸೇನೆಯಲ್ಲಿ ಮೇಜರ್. ಕೈಕೆಳಗಿನ ಸುಬೇದಾರರ ಬಗ್ಗೆ ವರ್ಷಕ್ಕೊಮ್ಮೆ ನಾಲ್ಕು ಸಾಲು ಅಭಿಪ್ರಾಯ ಬರೆಯಬೇಕು. ಅವರ ಬಡ್ತಿ ಅದರ ಮೇಲೆ ನಿಂತಿರುತ್ತದೆ. ಗುಂಡು ಹಾರಿಸಬಲ್ಲವನಿಗೆ ಗುಣ ಬರೆಯಲು ಬಾರದು. "ಅಕ್ಕಾ, ಒಬ್ರಿದಾರೆ, ಒಳ್ಳೆಯವ್ರು. ಚೆನ್ನಾಗಿ ಬರ್ಕೊಡೆ" ಎಂದು ಫೋನು ಮಾಡುತ್ತಾನೆ. ಹೆಸರು ಹೇಳುವುದಿಲ್ಲ, ಅದು ಗುಟ್ಟಂತೆ. ಇಂಗ್ಲಿಷ್ ಟೀಚರಾಗಿ ಮಕ್ಕಳ ಮಾರ್ಕ್ಸ್ ಕಾರ್ಡಿನಲ್ಲಿ 'ಬುದ್ಧಿವಂತ, ಆದರೆ ಸೋಮಾರಿ' ಎಂದು ಗೀಚಿದ ಕೈ ನನ್ನದು, ಸುಮ್ಮನಿದ್ದೀತೇ? ಹೋದ ವರ್ಷ ಒಬ್ಬರಿಗೆ ಬರೆದೆ: 'ತಮ್ಮ ಸೈನಿಕರೆಲ್ಲ ಉಂಡ ಮೇಲೆಯೇ ಉಣ್ಣುತ್ತಾರೆ. ಹೆದರಿಕೆ ಎಂದರೇನೆಂದೇ ಅರಿಯರು.' ಮೊದಲನೆಯದು ನನ್ನ ಅಜ್ಜಿಯ ಗುಣ. ಎರಡನೆಯದು, ಕೊನೆ ಸಪ್ಪೆಯಾಯಿತೆಂದು ಸೇರಿಸಿದ ಒಗ್ಗರಣೆ.

ಕಳೆದ ವಾರ ಮಧ್ಯಾಹ್ನ ಒಬ್ಬರು ಬಾಗಿಲು ತಟ್ಟಿದರು. ರಜೆಯಲ್ಲಿ ತಲಘಟ್ಟಪುರದ ತಮ್ಮ ಮನೆಗೆ ಬಂದಿದ್ದ ಸುಬೇದಾರರು. ನನ್ನ ತಮ್ಮ ಅವರ ಕೈಯಲ್ಲಿ ಅಕ್ರೋಟು ಕಳಿಸಿದ್ದ. ಊಟದ ಹೊತ್ತು, ತಟ್ಟೆ ಹಾಕಿದೆ. ಅವರು ಕೂರಲಿಲ್ಲ. "ನೀವು ಮಾಡಿ ಮೇಡಂ, ಆಮೇಲೆ ನಾನು" ಎಂದರು. ಸಂಕೋಚವೆಂದುಕೊಂಡೆ. ನಾನೂ ನಮ್ಮ ಯಜಮಾನರೂ ಉಂಡು ಕೈ ತೊಳೆಯುವವರೆಗೂ ಮನುಷ್ಯ ಗೋಡೆಗೆ ಒರಗದೆ, ಕಣ್ಣು ಮಿಟುಕಿಸದೆ ನಿಂತೇ ಇದ್ದರು. ನನ್ನದೇ ವಾಕ್ಯ ಷರಟು ತೊಟ್ಟು ಮನೆಗೆ ಬಂದಂತಾಯಿತು.

"ಯಾವಾಗ್ಲೂ ಹೀಗೇನಾ?" ಎಂದು ಕೇಳಿದೆ.

"ಇಲ್ಲ ಮೇಡಂ, ಮೊದ್ಲು ಊಟಕ್ಕೆ ಎಲ್ರಿಗಿಂತ ಮುಂದೆ ನಾನೇ. ಹೋದ ವರ್ಷ ಸಾಹೇಬ್ರು ನನ್ ಬಗ್ಗೆ ಬರ್ದಿದ್ದನ್ನ ಓದಿ ಹೇಳಿದ್ರು. ಆವತ್ತಿಂದ ಬೇರೆಯವ್ರು ಉಣ್ದೆ ನಂಗೆ ತುತ್ತು ಇಳಿಯಲ್ಲ." ತಣ್ಣಗೆ ಮುಂದುವರಿಸಿದರು: "ಹೆದ್ರಿಕೇನೂ ಹೊರಟೋಯ್ತು. ಮೊನ್ನೆ ಬನಶಂಕರಿ ಬಸ್ ಸ್ಟ್ಯಾಂಡ್ ಹತ್ರ ಬಸ್ಸು ಮೈಮೇಲೇ ಬಂತು. ಸರೀಬೇಕು ಅಂತ ಅನ್ನಿಸ್ಲೇ ಇಲ್ಲ. ನಮ್ಮನೆಯವ್ಳು ಎಳ್ಕೊಂಡ್ಳು. ಮುಂದಿನ ತಿಂಗ್ಳು ಗಡಿಗೆ ಹೋಗ್ಬೇಕು. ಅದಕ್ಕೇ ಅಳ್ತಾ ಕೂತಿದಾಳೆ."

ಬರೆದವಳು ನಾನೇ ಎನ್ನದೆ ಅವರಿಗೆ ಹುಳಿ ಬಡಿಸಿದೆ. ಮುಸ್ಸಂಜೆಯಲ್ಲಿ ಕೆಟ್ಟ ಮಾತಾಡಿದರೆ ಅಜ್ಜಿ ಗದರುತ್ತಿದ್ದಳು: "ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಸುಮ್ನಿರು." ಅವರು ಹೊಗಳಿಕೆಗೂ ಅಸ್ತು ಎನ್ನುತ್ತಾರೆಂದು ಮಾತ್ರ ಹೇಳಿರಲಿಲ್ಲ. ನನ್ನ ಹಳೆಯ ಸೋಮಾರಿಗಳೆಲ್ಲ ಈಗ ಎಲ್ಲೆಲ್ಲಿ ಮಲಗಿದ್ದಾರೋ! ನಗು ಬಂತು, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಿನ್ನೆ ತಮ್ಮನಿಗೆ ನಾನೇ ಫೋನು ಮಾಡಿ, ಅಕ್ರೋಟು ತಂದವರದನ್ನು ಈ ಸಲ ಮೊದಲು ಬರೆಯುತ್ತೇನೆಂದೆ. ಬರೆದು ಫೋನಿನಲ್ಲೇ ಓದಿದೆ: 'ಹಸಿದಾಗ ಉಣ್ಣುತ್ತಾರೆ. ಹೆದರಬೇಕಾದ ಕಡೆ ಚೆನ್ನಾಗಿ ಹೆದರುತ್ತಾರೆ. ತಮ್ಮವರನ್ನೆಲ್ಲ ಕರೆದುಕೊಂಡು ಕ್ಷೇಮವಾಗಿ ಹಿಂದಿರುಗುತ್ತಾರೆ.'

"ಇದೇನಕ್ಕಾ, ಇನ್ನೂ ಹೋಗೇ ಇಲ್ಲ, ವಾಪಸ್ ಬರ್ತಾರೆ ಅಂತ ಬರ್ದಿದೀಯ? ಇದಕ್ಕೆ ಬಡ್ತಿ ಸಿಗಲ್ಲ" ಎಂದು ತಮ್ಮ ಗೊಣಗಿದ.

"ಬಡ್ತಿ ಆಮೇಲೆ ನೋಡ್ಕೊಳ್ಳೋಣ. ಅವ್ರಿಗೆ ಜೋರಾಗಿ ಓದಿ ಹೇಳು, ಮರೀಬೇಡ."

ಫೋನಿಟ್ಟು, ಗೋಡೆಯ ಹಲ್ಲಿಯಾದರೂ ಲೊಚಗುಟ್ಟೀತೆಂದು ಕಾದೆ. ಸದ್ದಿಲ್ಲ. ದೇವತೆಗಳು ಕತ್ರಿಗುಪ್ಪೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಬಹುದೆಂದು, ನಾನೇ 'ಅಸ್ತು' ಎಂದುಬಿಟ್ಟೆ.