ಹಲಗೆಯ ಮೇಲೆ ಬರೆದ ಗಾಲ್ಫ್

ಮೊಣಕಾಲಿನ ನೋವಿಗೆಂದು ವೈದ್ಯರು ಹೇಳಿದ ಕೈಗೋಲು ಮನೆಗೆ ಬಂದಂದಿನಿಂದ ನಮ್ಮ ಬಡಾವಣೆ ಖಾಸಬಾಗದ ರಸ್ತೆಯ ಹರಳುಗಳಿಗೆ ನೆಮ್ಮದಿಯಿರಲಿಲ್ಲ. ಊರಿಕೊಂಡು ನಡೆಯಬೇಕಾದ ಕೋಲನ್ನು ಬೀಸುತ್ತ, ಎದುರಾದ ಹರಳುಗಳನ್ನೆಲ್ಲ ಚರಂಡಿಗೆ ಅಟ್ಟುವುದೇ ನನ್ನ ಪ್ರಾತಃಕಾಲದ ವ್ಯಾಯಾಮವಾಗಿಬಿಟ್ಟಿತ್ತು. ಒಂದು ದಿನ ಜೊತೆಗಿದ್ದ ಹೆಂಡತಿ, "ಇದೇನ್ರಿ, ಗಾಲ್ಫ್ ಆಡಾಕತ್ತೀರೇನು?" ಎಂದಳು. ನಾನು ನಿವೃತ್ತನಾದರೂ ನನ್ನೊಳಗಿನ ಮಾಸ್ತರ ಆಗಿಲ್ಲವಲ್ಲ! ಹಾಗಾದರೆ ನೀನು ದೂರ ನಿಲ್ಲು, 'ಗಂಡಸರಿಗೆ ಮಾತ್ರ, ಹೆಂಗಸರಿಗೆ ನಿಷೇಧ' ಎಂಬರ್ಥದ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದ ಹೆಸರದು, ಎಂದು ಉಪದೇಶಿಸಿದೆ. "ಎಲ್ಲಿ ಐತಿ, ತೋರಸ್ರಿ," ಎಂದಳು.

ಮನೆಗೆ ಬಂದು ದಪ್ಪ ನಿಘಂಟಿನ ಧೂಳು ಕೊಡವಿದೆ. ನನ್ನ ನಾಲ್ಕು ಪದಗಳ ಸುಳಿವೇ ಅಲ್ಲಿರಲಿಲ್ಲ. ಅದು ಸ್ಕಾಟ್ಲೆಂಡಿನ ಹಳೆಯ ಶಬ್ದ, ಬಹುಶಃ ಡಚ್ಚರ ಕಡೆಯಿಂದ ಬಂದದ್ದು, ಮೂಲಾರ್ಥ ದೊಣ್ಣೆ ಎಂದಷ್ಟೇ ಇತ್ತು. ಇನ್ನೊಂದು ಪುಸ್ತಕ ತೆಗೆದು ನೋಡಿದರೆ, ನನ್ನದು ಈಚೆಗೆ ಯಾರೋ ಹುಟ್ಟಿಸಿದ ಚೇಷ್ಟೆಯಂತೆ. ಐದು ಶತಮಾನಗಳ ಹಿಂದೆ ಸ್ಕಾಟ್ಲೆಂಡಿನಲ್ಲಿ ಈ ಆಟಕ್ಕೆ ನಿಷೇಧ ಬಿದ್ದದ್ದುಂಟು; ಅದೂ ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಆಟಕ್ಕೆ ಓಡುತ್ತಿದ್ದ ಗಂಡಸರ ದೆಸೆಯಿಂದ! ಹೆಂಡತಿ ಮನಸಾರೆ ನಕ್ಕಳು. ನನಗೆ ನಗು ಬರಲಿಲ್ಲ, ಹಳೆಯ ವಿದ್ಯಾರ್ಥಿನಿ ಸುಮಿತ್ರಾ ನೆನಪಾದಳು.

ಖಾನಾಪುರದ ಪ್ರೌಢಶಾಲೆಯಲ್ಲಿ ನಾನಿದ್ದಾಗ ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ದಿನಕ್ಕೊಂದು 'ನಿಮಗಿದು ಗೊತ್ತೇ?' ಬರೆಯುವ ಕೆಲಸ ನನ್ನದಾಗಿತ್ತು. ಹಲಗೆಯ ಮೇಲಿನದೆಲ್ಲ ಮಕ್ಕಳಿಗೆ ವೇದವಾಕ್ಯ. ಗುಂಜಿ ಎಂಬ ಊರಿನಿಂದ ರೈಲಿನಲ್ಲಿ ಬರುತ್ತಿದ್ದ ಸುಮಿತ್ರಾ, ಬುಡ ಬಾಗಿದ ಬಿದಿರಿನ ಕೋಲಿನಿಂದ ಚೆಂಡು ಬಾರಿಸಿದರೆ ಅದು ಮೈದಾನದ ಆಚೆಗೇ ಬೀಳುತ್ತಿತ್ತು. ಎಲ್ಲೋ ಕೇಳಿದ ಆ ಗಾಲ್ಫ್ ಪಾಂಡಿತ್ಯವನ್ನು ನಾನು ಹಲಗೆಗೇರಿಸಿದ ದಿನ, ಹುಡುಗರು ಅದನ್ನು ಗಟ್ಟಿಯಾಗಿ ಓದಿ ಅವಳ ಕೋಲು ಕಸಿದುಕೊಂಡರು. ಮರುದಿನದಿಂದ ಅವಳು ಮೈದಾನಕ್ಕೆ ಬರಲಿಲ್ಲ. ನಾನು ಕಂಡೂ ಸುಮ್ಮನಿದ್ದೆ; ಹಲಗೆಗೆ ಹೊಸ ವಿಷಯ ಹುಡುಕುವ ಗಡಿಬಿಡಿ ನನಗೆ.

ಆ ತಪ್ಪನ್ನು ತಿದ್ದದೆ ಬಿಡುವುದಿಲ್ಲ ಎಂದು ನಿಶ್ಚಯಿಸಿ ರೈಲು ಹತ್ತಿದೆ. ಗುಂಜಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಸುಮಿತ್ರಾ, ಹುಬ್ಬಿನ ತನಕ ಹಿಟ್ಟಾಗಿದ್ದವಳು, ನನ್ನ ಗುರುತು ಹಿಡಿದು "ಬರ್ರಿ ಸರ್, ಕುಂದರ್ರಿ," ಎಂದಳು. ನಾನು ದಾರಿಯುದ್ದಕ್ಕೂ ಉರುಹೊಡೆದಿದ್ದ ಕ್ಷಮಾಯಾಚನೆಯನ್ನು ಒಪ್ಪಿಸಿದೆ. ಆಕೆ ಗಿರಣಿ ನಿಲ್ಲಿಸಿದಳು.

"ಸರ್, ನೀವು ಬರೆದಿದ್ದು ಎಲ್ಲಾರೂ ಓದೂ ಹಲಗಿ ಮ್ಯಾಲ. ತಪ್ಪಾತಂತ ಹೇಳಾಕ ಮಾತ್ರ ಯಾರೂ ಇಲ್ಲದ ಗಿರಣಿಗೆ ಬಂದೀರಿ. ಅದು ನಡ್ಯೂದಿಲ್ಲ. ಅದ ಹಲಗಿ ಮ್ಯಾಲ ಬರೀರಿ, ನಾನೂ ಬರ್ತೀನಿ."

ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನಿಗೆ ತನ್ನದನ್ನು ಹೀಗೆ ತಿದ್ದಿಸಿಕೊಂಡು ಅಭ್ಯಾಸವಿಲ್ಲ, ನಾಚಿಕೆಯಾಯಿತು. ಆದರೂ ಮರುದಿನವೇ ಖಾನಾಪುರದಲ್ಲಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ನನ್ನ ಕೈಗೋಲನ್ನು ಸುಮಿತ್ರಾಳ ಕೈಗಿತ್ತು, ಒಂದು ಕೈಯಲ್ಲಿ ಗೋಡೆಯನ್ನೂ ಇನ್ನೊಂದರಲ್ಲಿ ಸೀಮೆಸುಣ್ಣವನ್ನೂ ಹಿಡಿದು ಬರೆದೆ: 'ನಿಮಗಿದು ಗೊತ್ತೇ? ಗಾಲ್ಫ್ ಎಂಬ ಹೆಸರಿನ ಮೂಲಾರ್ಥ ದೊಣ್ಣೆ. ಅದನ್ನು ಯಾರು ಬೇಕಾದರೂ ಹಿಡಿಯಬಹುದು. ಹಿಂದೊಮ್ಮೆ ಇಲ್ಲಿ ಬರೆದದ್ದು ಸುಳ್ಳು. ಬರೆದವನು ನಾನೇ.' ಕೆಳಗೆ ಸಹಿ ಹಾಕಿದೆ.

ಓದುತ್ತಿದ್ದ ಮಕ್ಕಳ ಹಿಂದಿನಿಂದ ಟಪ್ ಎಂಬ ಸದ್ದು ಕೇಳಿತು. ತಿರುಗಿದಾಗ ಸುಮಿತ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಗೋಲು ಹಿಡಿದು ನಿಂತಿದ್ದಳು. ಚೆಂಡು ಮೈದಾನದ ಬೇಲಿ ದಾಟುತ್ತಿತ್ತು. ಹುಡುಗಿಯರು ಸಾಲುಗಟ್ಟಿ, "ನಂಗೂ ಕೊಡ್ರಿ" ಎಂದು ಕೈ ಚಾಚಿದರು.

ಕೈಗೋಲು ಆ ಹುಡುಗಿಯರ ಬಳಿಯೇ ಉಳಿಯಿತು. ಈಗ ಬೆಳಿಗ್ಗೆ ಹೆಂಡತಿಯ ತೋಳು ಹಿಡಿದು ಕುಂಟುತ್ತ ನಡೆಯುತ್ತೇನೆ, ಖಾಸಬಾಗದ ಹರಳುಗಳು ಇದ್ದಲ್ಲೇ ಇವೆ.