ಹಣೆಗೆ ಕಟ್ಟಿದ ಕನ್ನಡಕ

ನಮ್ಮಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಫ್ರೇಮನ್ನು ಬಿಸಿ ಮಾಡಿ, ಬಗ್ಗಿಸಿ, ಗಿರಾಕಿಯ ಮೂಗಿನ ಮೇಲೆ ಕೂರಿಸಿ, "ಈಗ ಹೇಗಿದೆ ಹೇಳಿ" ಅನ್ನುವುದು ಅವಳ ದಿನಗೆಲಸ. ಊರವರ ಮೂಗನ್ನೆಲ್ಲ ಹೊಗಳುವವಳಿಗೆ ತನ್ನ ಮೂಗು ಕಂಡರೆ ಮಾತ್ರ ಆಗದು. ಚಿಕ್ಕಂದಿನಲ್ಲಿ ಉಯ್ಯಾಲೆಯಿಂದ ಬಿದ್ದು ಸೊಟ್ಟಗಾದದ್ದು. ಫೋಟೋ ಅಂದರೆ ಸಾಕು, ಯಾರದಾದರೂ ಬೆನ್ನ ಹಿಂದೆ ಮಾಯ.

ಮಗಳ ಮದುವೆ ಗೊತ್ತಾದದ್ದೇ ತಡ, ಮೂಗು ಸರಿ ಮಾಡಿಸಿಕೊಳ್ಳುತ್ತೇನೆಂದು ಹಠ ಹಿಡಿದಳು.

"ಅವಳ ಪಕ್ಕ ನಿಂತು ಒಂದು ಫೋಟೋ, ಅಷ್ಟೇ ಕಣೇ."

ಪಾಪ ಅನ್ನಿಸಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ, "ಮದುವೆ ನಿನ್ನದೋ ಅವಳದೋ?" ಅಂದೆ.

ಆಸ್ಪತ್ರೆಗೆ ಜೊತೆಗೆ ಹೋದವಳೂ ನಾನೇ. ಡಾಕ್ಟರು ಅವಳ ಮಂಡಿನೋವಿನ ಮಾತ್ರೆಯನ್ನೂ ಬಿಡದೆ ವಿಚಾರಿಸಿದರು. "ಇದು ತಗೊಂಡ್ರೆ ರಕ್ತ ಬೇಗ ನಿಲ್ಲಲ್ಲ, ಆಪರೇಷನ್ನಿಗೆ ಮುಂಚೆ ಬಿಡಬೇಕಾಗತ್ತೆ. ಮದುವೆಗೆ ತಿಂಗಳೂ ಇಲ್ಲ ಅಂತೀರಿ. ಅಷ್ಟರಲ್ಲಿ ಊತ ಇಳಿಯಲ್ಲ, ಮೂಳೆ ಗಟ್ಟಿ ಆಗೋವರೆಗೆ ಮೂಗಿನ ಮೇಲೆ ಕನ್ನಡಕದ ಭಾರನೂ ಬೀಳಬಾರದು. ಮದುವೆ ಮುಗಿಸ್ಕೊಂಡು ಬನ್ನಿ. ಈಗ ನಾನಂತೂ ಮಾಡಲ್ಲ."

ಅಕ್ಕ ಕೇಳಬೇಕಲ್ಲ! 'ಒಂದೇ ವಾರದಲ್ಲಿ ಹೊಸ ಮೂಗು' ಎಂದು ಬೋರ್ಡು ಹಾಕಿದ್ದ ಇನ್ನೊಂದು ಕಡೆ ಹೋದಳು. ಅಲ್ಲಿ ಯಾವ ಮಾತ್ರೆಯ ಸುದ್ದಿಯನ್ನೂ ಎತ್ತದೆ ದಿನ ಗೊತ್ತುಮಾಡಿದರು. ನನಗೆ ಮೈಯೆಲ್ಲ ಉರಿಯಿತು. ಕನ್ನಡಕ ತೆಗೆದರೆ ಎದುರಿಗಿರುವವರು ಗಂಡೋ ಹೆಣ್ಣೋ ತಿಳಿಯದ ಕಣ್ಣು ಇವಳದು, ಕಾಂಟ್ಯಾಕ್ಟ್ ಲೆನ್ಸ್ ಬೇರೆ ಒಗ್ಗುವುದಿಲ್ಲ. "ಕನ್ನಡಕ ಇಲ್ದೆ ಹೇಗಿರ್ತೀಯೇ?" ಅಂದೆ.

"ಅದಕ್ಕೇನೀಗ? ನಾನಿರೋದೇ ಆ ಕೆಲಸದಲ್ಲಿ" ಅಂದಳು. ಹಳೆಯ ಫ್ರೇಮೊಂದರ ಮೂಗಿನ ಆಸರೆ ಕಿತ್ತು, ಹಣೆಗೆ ಪಟ್ಟಿ ಕಟ್ಟಿ, ಗಾಜು ಮೂಗಿಗೆ ತಾಗದ ಹಾಗೆ ನೇತುಹಾಕಿದಳು. ಅಂಗಡಿಯಲ್ಲಿ ಗಿರಾಕಿಯನ್ನು ಕೂರಿಸುವ ಹಾಗೆಯೇ ಕನ್ನಡಿಯ ಮುಂದೆ ನೆಟ್ಟಗೆ ಕೂತು ಪರೀಕ್ಷಿಸಿದಳು. ಕನ್ನಡಕ ಕದಲಲಿಲ್ಲ.

ಅದನ್ನು ಕಟ್ಟಿಕೊಂಡು ನನ್ನ ಮುಂದೆ ಬೀಗುತ್ತಿದ್ದಾಗ ಮಗಳು ಮದುವೆಯ ಬಟ್ಟೆ ತೊಟ್ಟು ಕೋಣೆಯಿಂದ ಹೊರಬಂದಳು.

"ಹೇಗಿದೀನಮ್ಮಾ?"

ಅಕ್ಕ ಗಳಗಳನೆ ಅತ್ತುಬಿಟ್ಟಳು. ಬಿಕ್ಕುತ್ತ ತಲೆ ಬಗ್ಗಿಸಿದ್ದೇ ಪಟ್ಟಿ ಜಾರಿತು, ಕನ್ನಡಕ ಬಂದು ಮೂಗಿಗೇ ಬಡಿಯಿತು.

"ಅಯ್ಯೋ ಪುಣ್ಯಾತ್ಗಿತ್ತಿ!" ಎಂದು ಕಿರುಚಿದೆ. "ಆಪರೇಷನ್ ಆದ ಮೂಗಾಗಿದ್ರೆ ಏನು ಗತಿ? ಮದುವೆ ದಿನ ಅಳದೆ ಇರ್ತೀಯಾ ನೀನು?"

"ಅವತ್ತು ಕನ್ನಡಕಾನೇ ಹಾಕ್ಕೊಳಲ್ಲ ಬಿಡು."

ಹಾಗಂದು ಪಟ್ಟಿ ಬಿಚ್ಚಿ, ಬರಿಗಣ್ಣನ್ನು ಕಿರಿದು ಮಾಡಿ ಮಗಳ ಕಡೆ ನೋಡಿದಳು. ಇನ್ನೂ ಕಿರಿದು ಮಾಡಿದಳು. ಹುಡುಗಿ ನಗುತ್ತಿದ್ದಳು, ಅದು ಅವಳಿಗೆ ಕಾಣಿಸಲಿಲ್ಲ.

"ಬೇಡ" ಅಂದಳು ಕೊನೆಗೆ. "ಫೋನ್ ಕೊಡೇ, ಆಪರೇಷನ್ನಿಗೆ ಬರಲ್ಲ ಅಂತ ಹೇಳಿಬಿಡ್ತೀನಿ."

ಮದುವೆಯ ಫೋಟೋದಲ್ಲಿ ಮಗಳ ಪಕ್ಕದಲ್ಲೇ ನಿಂತಿದ್ದಾಳೆ. ಮೂಗು ಸೊಟ್ಟಗೆ, ಕಣ್ಣು ಕೆಂಪಗೆ.

ಕೆಲವು ತಿಂಗಳು ಬಿಟ್ಟು ಮೊದಲಿನ ಡಾಕ್ಟರೇ ಆಪರೇಷನ್ ಮಾಡಿದರು. ಮೂಗು ಪೂರ್ತಿ ಹದಕ್ಕೆ ಬರಲು ವರ್ಷ ಹಿಡಿಯಬಹುದಂತೆ. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಲು ಮಗಳು ಬಂದಿದ್ದಳು. ಸಂಜೆ ಧಾರಾವಾಹಿಯ ಹೊತ್ತಿಗೆ ಅಮ್ಮನ ಎದುರು ಕೂತು, ಮೂಗಿಗೆ ತಾಗದ ಹಾಗೆ ಕನ್ನಡಕವನ್ನು ಅವಳ ಕಣ್ಣಿಗೆ ಹಿಡಿಯುತ್ತಿದ್ದಳು.

"ಅಮ್ಮಾ, ಟೀವಿ ಆ ಕಡೆ ಇದೆ."

"ಗೊತ್ತು ಕಣೇ. ನೀನು ಕೈ ಇಳಿಸ್ಬೇಡ."